ಕಂಬಳಿ ಹೊದ್ದ ಲಾಕೆಟ್

ಎಪ್ಪತ್ನಾಲ್ಕರ ಮಳೆಗಾಲದಲ್ಲಿ ಹಾಲವ್ವನ ಗಂಡ ನಿಂಗಣ್ಣ ಆಸ್ಪತ್ರೆಯಿಂದ ತಣ್ಣನೆಯ ಹೆಣವಾಗಿ ಮುಂಬಯಿಯ ಧಾರಾವಿಯ ಮನೆಗೆ ಬಂದ. ಅವನ ಇದ್ದೊಂದು ಫೋಟೊವನ್ನು ಮಗಳ ಕೊರಳಿಗೆ ಲಾಕೆಟ್ ಮಾಡಬೇಕೆಂದು ಅವಳು, ತಾನು ಕಸ ಗುಡಿಸುವ ಬಟನ್ ಕಾರ್ಖಾನೆಯಿಂದ, ಬಟನ್ ಎರೆಯುವ ಗಾಜಿನಂಥ ದ್ರವ ರೆಸಿನ್ನನ್ನೂ ಅದನ್ನು ಗಟ್ಟಿ ಮಾಡುವ ಔಷಧಿಯನ್ನೂ ಕೇಳಿ ತಂದಳು.

ಔಷಧಿ ನಾಲ್ಕು ಹನಿ ಸಾಕೆಂದು ಮೇಸ್ತ್ರಿ ಹೇಳಿದ್ದ. ಹಾಲವ್ವ ಕೇಳಬೇಕಲ್ಲ! ಥಂಡಿಯಲ್ಲಿ ಹಾಲಿಗೆ ಹೆಪ್ಪು ಹೆಚ್ಚು ಹಾಕುವವಳು, ಫೋಟೊ ಮುಳುಗಿಸಿದ ರೆಸಿನ್ನಿಗೂ ಔಷಧಿಯನ್ನು ಧಾರಾಳವಾಗಿ ಸುರಿದಳು. ಮೊಸರಿನ ಗಡಿಗೆಗೆ ಹೊದಿಸುವಂತೆ ಬಟ್ಟಲಿಗೆ ಕಂಬಳಿಯನ್ನೂ ಹೊದಿಸಿದಳು. ಔಷಧಿ ಹೆಚ್ಚಾದ ರೆಸಿನ್ ಗಟ್ಟಿಯಾಗುತ್ತಲೇ ಒಳಗೇ ಕಾದು ಚಟ್ಟನೆ ಬಿರಿಯಿತು. ಬಿರುಕು ನಿಂಗಣ್ಣನ ಮುಖದ ಮೇಲೆಯೇ ಹಾದಿತ್ತು.

"ಸುಡ್ಲಿ ನನ್ನ ಕೈ!" ಎಂದು ಅವಳು ಹಣೆ ಬಡಿದುಕೊಂಡಳು.

ಮಗಳು ಪುಟ್ಟ ಭಾಗವ್ವ ಆ ತುಂಡನ್ನು ಎತ್ತಿ ಕೆನ್ನೆಗೆ ಒತ್ತಿಕೊಂಡಳು. "ಯವ್ವಾ, ಅಪ್ಪ ಬೆಚ್ಚಗದಾನ!"

ಹಾಲವ್ವ ಅದನ್ನು ಕಸಿದು ಮುಷ್ಟಿಯಲ್ಲಿ ಹಿಡಿದಳು. ಅದು ಪೂರಾ ತಣ್ಣಗಾಗುವವರೆಗೂ ಬಿಡಲಿಲ್ಲ.