ಪ್ರಯಾಣಿಕರನ್ನು ಬಯಲಲ್ಲಿ ಬಿಟ್ಟ ಲೋರ್ನಾ

ಶಾಲೆಯ ಬಸ್ಸು ಓಡಿಸಿ ನಿವೃತ್ತಳಾದ ಲೋರ್ನಾ ಪ್ರಿಡ್‌ಮೋರ್, ಮನೆಯಲ್ಲಿ ಸುಮ್ಮನೆ ಕೂರಲಾರದೆ ಬಿಲ್ಲಂಡಾ ಊರಿನಲ್ಲಿ ಹವ್ಯಾಸಿಗಳು ಓಡಿಸುವ ಹಳೇ ಉಗಿ ರೈಲಿಗೆ ಸೇರಿಕೊಂಡಳು. ಅಲ್ಲಿ ಯಾರಿಗೂ ಸಂಬಳವಿಲ್ಲ. ಟಿಕೆಟ್ ಕೊಡುವವನು ಹಲ್ಲಿನ ಡಾಕ್ಟರು, ಹಳಿ ರಿಪೇರಿ ಮಾಡುವವನು ಪಾದ್ರಿ. ಹೆಂಗಸೆಂದು ಲೋರ್ನಾಳನ್ನು ಮೊದಲು ಚಹಾದ ಕೋಣೆಗೆ ಕಳಿಸಿದರು. ಅವಳು ಬೇಯಿಸಿದ ಸ್ಕೋನ್ ಎಂಬ ಬನ್ನುಗಳು ಕಲ್ಲಿದ್ದಲಿಗಿಂತ ಗಟ್ಟಿಯಾಗಿದ್ದುದರಿಂದ ಬೇಗನೆ ಎಂಜಿನ್ನಿಗೆ ಬಡ್ತಿ ಸಿಕ್ಕಿತು. ಬೆಂಕಿಗೆ ಕಲ್ಲಿದ್ದಲು ತುಂಬುತ್ತ ವರ್ಷಗಟ್ಟಲೆ ಸಲಿಕೆ ಹಿಡಿದ ಮೇಲೆ, ಒಂದು ಭಾನುವಾರ, ಚಾಲಕಿಯ ಪರೀಕ್ಷೆ ಬಂತು. ನಪಾಸಾದರೆ ಇನ್ನೊಂದು ವರ್ಷ ಸಲಿಕೆಯೇ ಗತಿ.

ಏರಿನ ಬುಡದಲ್ಲಿ ಪ್ರಯಾಣಿಕರನ್ನೆಲ್ಲ ಕುರಿ ಮೇಯುವ ಬಯಲಿಗೆ ಇಳಿಸಿ, ಖಾಲಿ ರೈಲನ್ನು ಹಿಂದಕ್ಕೆ ಒಯ್ದು, ಫೋಟೊಗೆಂದು ಹೊಗೆ ಉಗುಳುತ್ತ ಅವರ ಮುಂದೆ ಹಾಯಿಸುವುದು ಬಿಲ್ಲಂಡಾದ ಪದ್ಧತಿ. ಆಮೇಲೆ ತಿರುವಿನಲ್ಲಿ ನಿಲ್ಲಿಸಿ, ಹಿಂದೆ ಬಂದು ಎಲ್ಲರನ್ನೂ ಹತ್ತಿಸಿಕೊಳ್ಳಬೇಕು. ಅಂದು ಪರೀಕ್ಷಕ ಡೆಸ್ ಕೂಡ ಕ್ಯಾಮೆರಾ ಹಿಡಿದು ಎಂಜಿನ್ನಿನಿಂದ ಜಿಗಿದ.

"ಒಂದೇ ಒಂದು ಫೋಟೊ ಕಣೇ. ನಾನು ಇಳಿದದ್ದು ಯಾರಿಗೂ ಹೇಳ್ಬೇಡ."

ಬೆಂಕಿ ನೋಡಿಕೊಳ್ಳುವ ನೆವ್ ಕಲ್ಲಿದ್ದಲು ತುಂಬಿದ. ಲೋರ್ನಾ ಹಬೆ ಬಿಟ್ಟಳು. ಎಂಜಿನ್ನು ಏರಿನ ಮೇಲೆ ಎಂಥ ಲಯ ಹಿಡಿಯಿತೆಂದರೆ, ಅವಳಿಗೆ ಪರೀಕ್ಷೆ ಮರೆತುಹೋಯಿತು, ತಿರುವೂ ಮರೆತುಹೋಯಿತು. ನೆವ್ ಸಲಿಕೆಯಿಂದಲೇ ತಾಳ ಹಾಕುತ್ತಿದ್ದ. ರೈಲು ನಿಂತದ್ದು ಮುಂದಿನ ನಿಲ್ದಾಣದಲ್ಲಿ.

ಚಹಾದ ಕೆಟಲು ಹಿಡಿದು ಕಾದಿದ್ದ ಚಹಾದ ಕೋಣೆಯ ಐಲೀನ್ ರೈಲಿನ ಬೋಗಿಗಳಲ್ಲಿ ಇಣುಕಿದಳು. "ಜನ ಎಲ್ಲಿ ಕಣೇ? ಇಷ್ಟು ಸ್ಕೋನ್ ನೀನೊಬ್ಳೇ ತಿಂತೀಯಾ?"

ಬಯಲಿಗೆ ಇಳಿಯದೆ ನಿದ್ದೆ ಹೋಗಿದ್ದ ಅಜ್ಜನೊಬ್ಬ ಕಿಟಕಿಯಿಂದ ತಲೆ ಹಾಕಿದ. "ಊರು ಬಂತಾ?"

ಲೋರ್ನಾ ಥಟ್ಟನೆ ಹಿಂದಿನ ಬೋಗಿಗಳತ್ತ ತಿರುಗಿ ನೋಡಿದಳು. ಸಿಗ್ನಲ್ ಕೇಳಿ, ರೈಲನ್ನು ಹಿಮ್ಮುಖವಾಗಿ ಬಯಲಿಗೆ ತಂದಳು. ಜನ ಹುಲ್ಲಿನ ಮೇಲೆ ಆರಾಮಾಗಿ ಕೂತಿದ್ದರು. ಡೆಸ್ ಮಾತ್ರ ಬೇಲಿಯ ಬಳಿ ಕೆಂಪಗಾಗಿ ನಿಂತಿದ್ದ.

"ಏನಮ್ಮ, ಶಾಲೆ ಮಕ್ಕಳನ್ನೂ ಹೀಗೇ ಬಿಟ್ಟು ಹೋಗ್ತಿದ್ಯಾ?"

"ಇಲ್ಲಪ್ಪ. ಅವು ಕಿರುಚ್ತಿದ್ವು. ಬಸ್ಸು ಖಾಲಿಯಾದ್ರೆ ಕಿವಿಗೇ ಗೊತ್ತಾಗ್ತಿತ್ತು. ಹೇಳ್ಬಿಡು ಡೆಸ್, ನಪಾಸು ತಾನೇ?"

"ಜನರನ್ನ ಬಿಟ್ಟುಹೋದ್ರೆ ಮತ್ತೇನು?"

"ಪರೀಕ್ಷೆ ಬಿಟ್ಟು ಇಳಿದವನಿಗೆ?" ನೆವ್ ಮೇಲಿನಿಂದ ಕೇಳಿದ. ಡೆಸ್ ಬೇಲಿಯ ತಂತಿಯನ್ನೇ ನೋಡತೊಡಗಿದ.

ಅಷ್ಟರಲ್ಲಿ ಪ್ರಯಾಣಿಕಳೊಬ್ಬಳು ಡೆಸ್‌ನತ್ತ ಬೆರಳು ತೋರಿಸಿ ಗದರಿದಳು: "ಈ ಮನುಷ್ಯ ನಮ್ಮೆಲ್ಲರ ಫೋಟೊಗೂ ಅಡ್ಡ ಬಂದಿದ್ದಾನೆ! ಇನ್ನೊಂದ್ಸಲ ಓಡಿಸಿ. ಇವನನ್ನ ಮೇಲೆ ಹತ್ತಿಸ್ಕೊಳ್ಳಿ."

"ಸರಿ, ಇದೇ ನಿಜವಾದ ಪರೀಕ್ಷೆ," ಎಂದು ಡೆಸ್ ತೆಪ್ಪಗೆ ಹತ್ತಿದ.

ಎಂಜಿನ್ನು ಮತ್ತೆ ಅದೇ ಲಯ ಹಿಡಿಯಿತು. ಲೋರ್ನಾ ಹಲ್ಲು ಕಚ್ಚಿ ತಿರುವನ್ನೇ ನೋಡುತ್ತಿದ್ದಳು. ಡೆಸ್ ಕಣ್ಣು ಮುಚ್ಚಿ, ತಲೆ ಹೊರಗೆ ಹಾಕಿ ಕೇಳುತ್ತ ನಿಂತಿದ್ದ. ತಿರುವಿನಲ್ಲಿ ರೈಲು ಮೆತ್ತಗೆ ನಿಂತಿತು.

"ಥೂ! ಯಾಕೆ ನಿಲ್ಲಿಸ್ದೆ? ಎಷ್ಟು ಚೆನ್ನಾಗಿ ಹೋಗ್ತಿತ್ತು!"

"ಜನ ಹಿಂದೆ ಇದಾರೆ ಡೆಸ್."

ಡೆಸ್ ಹಿಂದೆ ತಿರುಗಿ ನೋಡಿದ. ಕೆಮ್ಮಿದ. ಟೋಪಿ ಸರಿಮಾಡಿಕೊಂಡ.

"ಪಾಸು," ಎಂದ.