ಮೊಸಳೆ ಬಂದ ಶನಿವಾರ

ಹೋದ ವಾರ ಹಾರ್ಬೋರ್ನ್ ಹೈಸ್ಟ್ರೀಟಿನಲ್ಲಿ ಹಳೆಯ ಸಾಮಾನು ಮಾರುವ ಚಾರಿಟಿ ಅಂಗಡಿಯಲ್ಲಿ ಒಂದು ಕೆಂಪು ಮಖಮಲ್ಲಿನ ಪರದೆ ಬಿಡಿಸಿ ನೋಡಿದೆ. ನುಸಿಗುಳಿಗೆಯ ವಾಸನೆ ಗಪ್ಪನೆ ಮೂಗಿಗೆ ಬಡಿಯಿತು. ಪಕ್ಕದ ಮನೆಯ ಜರ್ಮನ್ ಅಜ್ಜಿಯ ಗ್ಯಾರೇಜಿನಲ್ಲಿ ಇದೇ ವಾಸನೆ ಇರುತ್ತಿತ್ತು...

ಹತ್ತು ವರ್ಷಕ್ಕೂ ಹಿಂದಿನ ಮಾತು. ಧಾರವಾಡದಿಂದ ಇಂಗ್ಲಿಷರ ಈ ನಾಡಿಗೆ ಬಂದಿದ್ದೆವು; ಯಜಮಾನರಿಗೆ ಇಲ್ಲಿಯ ಆಸ್ಪತ್ರೆಯಲ್ಲಿ ಕೆಲಸ. ಅವರ ಪಾಳಿಯ ರೋಟಾ ಹೇಗೆ ಬಂದರೆ ಹಾಗೆ ನಮ್ಮ ಊಟ, ನಿದ್ದೆ. ಮಗಳಿಗೆ ಆಗ ನಾಲ್ಕು ವರ್ಷ. ಮನೆಯೊಳಗೆ ಅರಳು ಹುರಿದಂತೆ ಮಾತು. ಹೊಸ್ತಿಲು ದಾಟಿದರೆ ತುಟಿ ಹೊಲಿದಂತೆ. ನರ್ಸರಿ ಸೇರಿ ವರ್ಷವಾಗುತ್ತ ಬಂದರೂ ಅಲ್ಲಿ ಒಂದು ಶಬ್ದ ಆಡಿರಲಿಲ್ಲ. ಯಾರು ಹೆಸರು ಕೇಳಿದರೂ ಅವಳ ಬದಲು ನಾನೇ ಹೇಳುತ್ತಿದ್ದೆ. ದಿನಾ ಪೂಜೆಗೆ ಕೂತಾಗ ನನ್ನದೊಂದೇ ಬೇಡಿಕೆ: ಈ ಕೂಸಿಗೆ ಹೊರಗೆ ಒಂದು ಮಾತು ಬರಲಿ, ಶಿವನೇ.

"ತಡಿ ಸ್ವಲ್ಪ, ಆಕಿ ಮಾತಾಡ್ತಾಳ," ಎನ್ನುತ್ತಿದ್ದರು ಯಜಮಾನರು.

"ನಿಮಗೇನ್ರೀ, ದವಾಖಾನಿಗೆ ಹೋಗಿಬಿಡ್ತೀರಿ. ನರ್ಸರಿ ಬಾಗಲದಾಗ ನಿಲ್ಲಾಕಿ ನಾನು."

ಪಕ್ಕದ ಮನೆಯಲ್ಲಿ ಆ ಅಜ್ಜಿ ಒಬ್ಬರೇ ಇದ್ದರು. ತಿಂಗಳಿಗೊಂದು ಶನಿವಾರ ಓಣಿಯ ಮಕ್ಕಳನ್ನು ಕರೆದು ಗ್ಯಾರೇಜಿನಲ್ಲಿ ಗೊಂಬೆಯಾಟ ಆಡಿಸುತ್ತಿದ್ದರು. ಸೂತ್ರದ ಗೊಂಬೆಯಲ್ಲ; ಕೈಗವಸಿನಂತೆ ತೊಡುವಂಥವು, ತಲೆ ಮರದ್ದು. ಅವರಪ್ಪ ಕೆತ್ತಿದ್ದಂತೆ. ಉದ್ದ ಮೂಗಿನ, ಕೆಂಪು ಟೋಪಿಯ ಒಬ್ಬ ತುಂಟ, ಒಬ್ಬ ಪೊಲೀಸ, ಒಂದು ಮೊಸಳೆ. ಪರದೆ ಸರಿದ ಕೂಡಲೇ ತುಂಟ "ಎಲ್ಲರೂ ಬಂದಿದ್ದೀರಾ?" ಎಂದು ಕೇಳಬೇಕು, ಮಕ್ಕಳು "ಯಾ!" ಎಂದು, ಅಂದರೆ ಹೌದೆಂದು, ಕಿರುಚಬೇಕು. ಅವರ ನಾಡಿನ ಪದ್ಧತಿ ಅದು. ಮೊಸಳೆ ಹಿಂದಿನಿಂದ ಬಂದಾಗಲೂ ಮಕ್ಕಳು ಕೂಗಿ ಎಚ್ಚರಿಸುವವರೆಗೆ ಅವನು ತಿರುಗುವಂತಿಲ್ಲ. ನನ್ನ ಮಗಳು ಮುಂದಿನ ಸಾಲಿನಲ್ಲೇ ಕೂರುತ್ತಿದ್ದಳು, ಬಾಯಿ ಮಾತ್ರ ಬಿಚ್ಚುತ್ತಿರಲಿಲ್ಲ. ಉಳಿದವರ ಗದ್ದಲದಲ್ಲಿ ನಡೆದುಹೋಗುತ್ತಿತ್ತು.

ಒಂದು ಶನಿವಾರ ಓಣಿಯ ಮಕ್ಕಳಿಗೆಲ್ಲ ಚಿಕನ್‌ಪಾಕ್ಸ್. ಹೋದವರು ನಾವಿಬ್ಬರೇ. "ಇವತ್ತು ಬಿಡಿ, ಯಾರೂ ಇಲ್ಲ," ಎಂದೆ ನನ್ನ ಹರಕು ಇಂಗ್ಲಿಷಿನಲ್ಲಿ.

"ಯಾರೂ ಇಲ್ವಾ? ಹಾಗಾದ್ರೆ ಇವಳ್ಯಾರು?" ಎಂದು ಅಜ್ಜಿ ಪರದೆಯ ಹಿಂದೆ ಹೋದರು.

ತುಂಟ ಬಂದ, ಕೇಳಿದ. ಮಗಳು ಅವನ ಕೆಂಪು ಟೋಪಿಯನ್ನೇ ನೋಡುತ್ತ ಕೂತಳು. ಅವನೇನೂ ಬೇಸರಪಡದೆ ಹೊಳೆದಂಡೆಯಲ್ಲಿ ಕೂತು ಹಾಡತೊಡಗಿದ. ಬೆನ್ನ ಹಿಂದೆ ಮೊಸಳೆ ಎದ್ದಿತು. ಮಗಳು ನನ್ನ ಸ್ವೆಟರು ಹಿಡಿದುಕೊಂಡಳು. ನನಗೆ ತಡೆಯಲಾಗಲಿಲ್ಲ. "ಹಿಂದೆ ನೋಡು!" ಎಂದು ಇಂಗ್ಲಿಷಿನಲ್ಲಿ ನಾನೇ ಕೂಗಿಬಿಟ್ಟೆ.

ತುಂಟ ಕಿವಿ ಕೆರೆದುಕೊಂಡ. "ಯಾರೋ ದೊಡ್ಡವರು ಗೊಣಗಿದ ಹಾಗಾಯ್ತು. ದೊಡ್ಡವರ ಮಾತು ನನ್ನ ಕಿವಿಗೆ ಬೀಳೋದೇ ಇಲ್ಲಪ್ಪ!"

ಮೊಸಳೆ ಬಾಯಿ ತೆರೆಯಿತು, ಮರದ ದವಡೆ ಟಕ್ ಎಂದಿತು. ಮತ್ತೆ ತೆರೆಯಿತು. ಆಟ ಮುಂದೆ ಹೋಗಲಿಲ್ಲ. ಅಜ್ಜಿಗೆ ಭುಜದ ನೋವಿತ್ತು. ಎತ್ತಿದ ಕೈ ನಡುಗುವುದು ಗೊಂಬೆಯ ಟೋಪಿಯಲ್ಲಿ ಕಾಣುತ್ತಿತ್ತು. ಸಾಕು ಮಾಡಿ ಎನ್ನೋಣವೆಂದರೆ ನನ್ನ ಮಾತು ಅವನಿಗೆ ಕೇಳುವುದಿಲ್ಲವಲ್ಲ! ಕಣ್ಣು ಮುಚ್ಚಿ ಶಿವಶಿವಾ ಅಂದುಕೊಂಡೆ.

"ಏ, ಹಿಂದ ನೋಡೋ! ಮೊಸಳಿ!"

ಕಣ್ಣು ತೆರೆದರೆ ಮಗಳು ಎದ್ದು ನಿಂತಿದ್ದಳು. ಅಚ್ಚ ಧಾರವಾಡದ ಕನ್ನಡ. ಆ ಜರ್ಮನ್ ತುಂಟ ಥಟ್ಟನೆ ತಿರುಗಿದ.

ಆಟ ಮುಗಿದ ಮೇಲೆ ಅಜ್ಜಿ ಭುಜ ಒತ್ತಿಕೊಳ್ಳುತ್ತ ಹೊರಬಂದರು. ಶಹಬ್ಬಾಸ್ ಎನ್ನಲಿಲ್ಲ. ಪೆಟ್ಟಿಗೆಯಲ್ಲಿಡು ಎಂದು ಮೊಸಳೆಯನ್ನು ಅವಳ ಕೈಗೆ ಕೊಟ್ಟರು. ನನ್ನ ಕಣ್ಣು ತುಂಬಿದ್ದು ನೋಡಿ ಮೆಲ್ಲಗೆ, "ನೀವು ಇದನ್ನ ದೊಡ್ಡದು ಮಾಡಬೇಡಿ. ಬನ್ನಿ, ಟೀ ಕುಡಿಯೋಣ," ಎಂದರು.

ಮುಂದಿನ ತಿಂಗಳು ಆಟ ನಡೆಯಲಿಲ್ಲ. ಅಜ್ಜಿ ಮೆಟ್ಟಿಲಿನಿಂದ ಬಿದ್ದರು. ಅವರ ತಂಗಿ ಬಂದು ಜರ್ಮನಿಗೆ ಕರೆದುಕೊಂಡು ಹೋದರು. ಎರಡು ಕ್ರಿಸ್‌ಮಸ್‌ಗೆ ಕಾರ್ಡು ಬಂತು. ಆಮೇಲೆ ತಂಗಿಯದೇ ಒಂದು ಕಾರ್ಡು, ಕಪ್ಪು ಅಂಚಿನದು, ಅಜ್ಜಿ ಹೋದ ಸುದ್ದಿ ಹೊತ್ತದ್ದು...

ನರ್ಸರಿಯಲ್ಲಿ ಮಗಳು ಮರುದಿನವೇ ಮಾತಾಡಿದಳು ಎಂದರೆ ಸುಳ್ಳಾದೀತು. ಶಾಲೆಗೆ ಸೇರಿದ ಮೇಲೆ ಮೊದಲು ಒಬ್ಬ ಗೆಳತಿಯ ಕಿವಿಯಲ್ಲಿ, ಆಮೇಲೆ ಟೀಚರಿಗೆ, ಹೀಗೆ ಒಂದೊಂದಾಗಿ ಮಾತು ಹೊರಬಂತು. ಅಷ್ಟು ಹೊತ್ತಿಗೆ ಪಕ್ಕದ ಮನೆಗೆ ಬೇರೆಯವರು ಬಂದಿದ್ದರು. ಈಗ ಅವಳ ಬಾಯಿಗೆ ಬೀಗ ಹಾಕುವವರಿಲ್ಲ. ನಾನು ಕನ್ನಡದಲ್ಲಿ ಒಂದು ಅಂದರೆ ಇಂಗ್ಲಿಷಿನಲ್ಲಿ ಹತ್ತು ಅನ್ನುತ್ತಾಳೆ. ಒಮ್ಮೊಮ್ಮೆ ತಲೆನೋವೇ ಬರುತ್ತದೆ. ಆದರೂ ಸುಮ್ಮನಿರು ಎಂದು ಇವತ್ತಿನವರೆಗೆ ನನ್ನ ಬಾಯಿಂದ ಬಂದಿಲ್ಲ. ಆ ಅಜ್ಜಿಯ ಕಿವಿಗೆ ಬಿದ್ದದ್ದು ಅದೊಂದೇ ಕೂಗು, ಅದೂ ತಿಳಿಯದ ಭಾಷೆಯಲ್ಲಿ. ಉಳಿದ ಮಾತೆಲ್ಲ ನಮ್ಮ ಪಾಲಿಗೆ ಬಂತು.