ಮಗಳ ನಿದ್ದೆಗೆ ಕಾವಲು ಕೂತ ದಿನಗಳು

ನಮ್ಮ ಮಗಳು ಏಳು ತಿಂಗಳಿಗೇ ಹುಟ್ಟಿದಳು. ಹೆಂಡತಿಗೆ ಬಿಪಿ ವಿಪರೀತ ಏರಿ ಫಿಟ್ಸ್ ಬಂದಿತ್ತು. ಇನ್ನು ಕಾಯುವ ಹಾಗಿಲ್ಲ ಎಂದು ಡಾಕ್ಟರು ಆಪರೇಷನ್ ಮಾಡಿ ಮಗುವನ್ನು ತೆಗೆದರು. ತಾಯಿ ಮೇಲಿನ ಮಹಡಿಯ ಐಸಿಯುನಲ್ಲಿ, ಮಗು ಕೆಳಗಿನ ಮಹಡಿಯ ಗಾಜಿನ ಪೆಟ್ಟಿಗೆಯಲ್ಲಿ, ನಾನು ಮೆಟ್ಟಿಲ ಮೇಲೆ. ನನ್ನ ತಾಯಿ ತೀರಿಕೊಂಡು ವರ್ಷಗಳಾಗಿದ್ದವು. ಅತ್ತೆ ಸೊಂಟ ಮುರಿದುಕೊಂಡು ಊರಲ್ಲಿ ಮಲಗಿದ್ದರು. ಬೇಗೂರಿನ ಬಾಡಿಗೆ ಮನೆಗೆ ಹೋದರೆ ಬೀಗ ತೆಗೆಯುವವನೂ ನಾನೇ, ಹಾಕುವವನೂ ನಾನೇ.

ಕೆಲಸ ಬೊಮ್ಮಸಂದ್ರದ ಒಂದು ಪ್ರೆಸ್ ಶಾಪಿನಲ್ಲಿ. ತಗಡು ಕತ್ತರಿಸುವ ಯಂತ್ರಗಳ ನಡುವೆ ಪಕ್ಕದವನ ಜತೆ ಮಾತಾಡಬೇಕಾದರೂ ಕಿರುಚಬೇಕು. ಆ ದನಿ ಮನೆಗೂ ಬಂದುಬಿಟ್ಟಿತ್ತು. ಮೊದಲ ದಿನ ಪೆಟ್ಟಿಗೆಯ ಮುಂದೆ ನಿಂತು, "ಸಿಸ್ಟರ್, ಮಗು ಹೇಗಿದೆ?" ಎಂದೆ, ಅಷ್ಟೇ. ಮಗಳು ಬೆಚ್ಚಿ ಎರಡೂ ಕೈ ಚೆಲ್ಲಿದಳು. ಮಾನಿಟರ್ ಕೂಗತೊಡಗಿತು.

ನರ್ಸ್ ಓಡಿ ಬಂದರು. ಪೆಟ್ಟಿಗೆಯ ಕಿಂಡಿಯಲ್ಲಿ ಕೈ ಹಾಕಿ, ಒಂದು ಅಂಗೈ ತಲೆಯ ಮೇಲೆ, ಇನ್ನೊಂದು ಪಾದಗಳ ಕೆಳಗೆ ಇಟ್ಟು, ಅಲುಗಾಡದೆ ನಿಂತರು. ಸದ್ದು ನಿಂತಿತು.

"ಮೆಲ್ಲಗೆ ಮಾತಾಡಿ ಅಣ್ಣ. ಈಗಷ್ಟೇ ಮಲಗಿದ್ಲು. ಇವರು ಬೆಳೆಯೋದೇ ನಿದ್ದೇಲಿ."

ಅಲ್ಲಿ ಎಲ್ಲವೂ ಆ ನಿದ್ದೆಯ ಸುತ್ತಲೇ ನಡೆಯುತ್ತಿತ್ತು. ಬಟ್ಟೆ ಬದಲಿಸುವುದು, ಮೈಬಿಸಿ ನೋಡುವುದು, ಸಣ್ಣ ನಳಿಕೆಯಲ್ಲಿ ಹಾಲು ಬಿಡುವುದು, ಎಲ್ಲವನ್ನೂ ಮಗು ಎಚ್ಚರವಿದ್ದಾಗ ಒಟ್ಟಿಗೇ ಮುಗಿಸಿ, ಪೆಟ್ಟಿಗೆಯ ಮೇಲೆ ದಪ್ಪ ಬಟ್ಟೆ ಹೊದಿಸಿ ದೂರ ಸರಿಯುತ್ತಿದ್ದರು. ನಾನು ಶಿಫ್ಟ್ ಮುಗಿಸಿ ಬರುವ ಮಧ್ಯಾಹ್ನದ ಹೊತ್ತಿಗೆ ಅವಳು ಸಾಮಾನ್ಯವಾಗಿ ನಿದ್ದೆಯಲ್ಲೇ ಇರುತ್ತಿದ್ದಳು. ಕೈಯನ್ನು ಮೊಣಕೈವರೆಗೆ ತಿಕ್ಕಿ ತೊಳೆದು, ಬಟ್ಟೆಯ ಅಂಚು ಚೂರು ಎತ್ತಿ ನೋಡಿ, ಮತ್ತೆ ಇಳಿಬಿಟ್ಟು ಸ್ಟೂಲಿನ ಮೇಲೆ ಕೂರುತ್ತಿದ್ದೆ. ಸುತ್ತ ಬೇರೆ ಪೆಟ್ಟಿಗೆಗಳು, ಬೇರೆ ತಾಯಂದಿರು. ಯಾರೂ ಯಾರ ಕಡೆಗೂ ನೋಡುತ್ತಿರಲಿಲ್ಲ.

ಹೆಂಡತಿಗೆ ಎಚ್ಚರ ಬಂದಮೇಲೆ ಮೊಬೈಲಿನಲ್ಲಿ ಮಗಳ ಫೋಟೋ ತೋರಿಸಿದೆ. ಅವಳು ಮುಖ ತಿರುಗಿಸಿದಳು.

"ಫೋಟೋ ಬೇಡ ಕಣ್ರೀ. ಆ ವೈರೆಲ್ಲ ನೋಡೋಕಾಗಲ್ಲ. ಬಾಯಲ್ಲೇ ಹೇಳಿ. ಏನ್ ಮಾಡ್ತಿದ್ಲು?"

"ಮಲಗಿದ್ಲು."

"ಮಲಗಿ ಏನ್ ಮಾಡ್ತಿದ್ಲು?"

ಮರುದಿನದಿಂದ ಅವಳಿಗೆ ಹೇಳಲೆಂದೇ ಮಗಳ ನಿದ್ದೆ ನೋಡತೊಡಗಿದೆ. ಕೆಲವು ಸಲ ರೆಪ್ಪೆಯೊಳಗೆ ಕಣ್ಣು ಓಡಾಡುತ್ತಿತ್ತು, ತುಟಿ ಹಾಲು ಕುಡಿಯುವ ಹಾಗೆ ಚಲಿಸುತ್ತಿತ್ತು. ಕೆಲವು ಸಲ ಪೂರ್ತಿ ನಿಶ್ಚಲ. ಆಗ ಮಾನಿಟರ್ ಕಡೆ ನೋಡುತ್ತಿದ್ದೆ. "ಅದು ಗಾಢ ನಿದ್ದೆ, ಒಳ್ಳೇದು," ಎಂದು ನರ್ಸ್ ಪಿಸುಗುಟ್ಟುತ್ತಿದ್ದರು. ಇವನ್ನೆಲ್ಲ ಹೊತ್ತು ಮೆಟ್ಟಿಲು ಹತ್ತುತ್ತಿದ್ದೆ. ಹೆಂಡತಿ ಕಣ್ಣು ಮುಚ್ಚಿಕೊಂಡೇ ಕೇಳುತ್ತಿದ್ದಳು.

ಒಂದು ಮಧ್ಯಾಹ್ನ ನರ್ಸ್, "ಶರ್ಟ್ ಬಿಚ್ಚಿ ಕೂತ್ಕೊಳ್ಳಿ ಅಣ್ಣ. ಅಮ್ಮ ಬರೋವರೆಗೂ ನೀವೇ ಎದೆ ಮೇಲೆ ಮಲಗಿಸ್ಕೊಳ್ಳಿ," ಎಂದರು.

"ನಾನಾ?"

"ಯಾಕೆ, ನಿಮ್ಮ ಮೈ ಬಿಸಿ ಇಲ್ವಾ?"

ವೈರುಗಳ ಸಮೇತ ಎತ್ತಿ ತಂದು ನನ್ನ ಎದೆಗೆ ಆನಿಸಿ, ಮೇಲೆ ಬಟ್ಟೆ ಕಟ್ಟಿದರು. ಭಾರವೇ ಇರಲಿಲ್ಲ. ಒದ್ದೆ ಎಲೆಯೊಂದು ಅಂಟಿದ ಹಾಗೆ. ಸ್ವಲ್ಪ ಹೊತ್ತು ತೆವಳುವಂತೆ ಕಾಲಾಡಿಸಿ, ಆಮೇಲೆ ನಿದ್ದೆ ಹೋದಳು. ನನ್ನ ಕಾಲು ಜೋಮು ಹಿಡಿಯಿತು, ಮೂಗು ತುರಿಸಿತು. ಅಲುಗಾಡಲಿಲ್ಲ. ಕಣ್ಣೀರು ಗದ್ದದವರೆಗೆ ಇಳಿದರೂ ಒರೆಸಿಕೊಳ್ಳಲಿಲ್ಲ. ಆ ಹೊತ್ತಿನಲ್ಲಿ ಯಾರಾದರೂ ಬಂದು ನನ್ನ ಹೆಗಲ ಮೇಲೆ ಕೈಯಿಡಬಾರದೇ ಅನಿಸಿತು. ಯಾರಿದ್ದರು ಬರಲು?

ಮೇಲೆ ಹೋಗಿ ಸಂಭ್ರಮದಿಂದ ಹೇಳಿದೆ. ಹೆಂಡತಿ ಗೋಡೆಯ ಕಡೆ ಹೊರಳಿದಳು.

"ನಿಮ್ಮ ವಾಸನೆ ಗೊತ್ತಾಯ್ತು ಅವಳಿಗೆ. ನಂದು ಗೊತ್ತೇ ಇಲ್ಲ."

ಮರುದಿನ ಇದನ್ನು ನರ್ಸಿಗೆ ಹೇಳಿದಾಗ, "ಒಗೆದ ಹತ್ತಿ ಬಟ್ಟೆ ಅಮ್ಮನ ಮೈಗೆ ತಾಗಿಸಿ ಇಟ್ಟು ತನ್ನಿ," ಎಂದರು. ಹೆಂಡತಿ ಅದನ್ನು ರವಿಕೆಯೊಳಗೆ ಇಟ್ಟುಕೊಂಡು ಮಲಗಿ, ಮಡಿಸಿ ನನ್ನ ಕೈಗೆ ಕೊಟ್ಟಳು. "ಬೀಳಿಸ್ಬೇಡಿ," ಎಂದಳು. ಮಗಳ ಕೆನ್ನೆಯ ಹತ್ತಿರ ಅದನ್ನು ಹಾಸಿದೆವು. ಅವಳು ಆ ಕಡೆಗೆ ಮೂಗು ತಿರುಗಿಸಿ ಮಲಗಿದಳೆಂದು ಹೇಳಿದಾಗ ಹೆಂಡತಿ ನನ್ನ ಕೈ ಬಿಡಲೇ ಇಲ್ಲ.

ಕೊನೆಗೊಂದು ದಿನ ಡಾಕ್ಟರು ಅವಳನ್ನು ಗಾಲಿಕುರ್ಚಿಯಲ್ಲಿ ಕೆಳಗೆ ಕರೆದೊಯ್ಯಲು ಒಪ್ಪಿದರು. ಬಾಗಿಲವರೆಗೆ ತಳ್ಳಿಕೊಂಡು ಬಂದವನು ನಾನೇ. ಒಳಗೆ ಒಂದು ಮಗುವಿನ ಬಳಿ ಒಬ್ಬರಿಗೆ ಮಾತ್ರ ಪ್ರವೇಶ. ಮಗು ಮಲಗಿತ್ತು, ಏಳುವವರೆಗೂ ಮುಟ್ಟುವ ಹಾಗಿರಲಿಲ್ಲ. ಬಾಗಿಲ ಗಾಜಿನಲ್ಲಿ ಹೆಂಡತಿಯ ಬೆನ್ನು ಮಾತ್ರ ಕಾಣುತ್ತಿತ್ತು. ಬಹಳ ಹೊತ್ತಿನ ಮೇಲೆ ಆ ಬೆನ್ನು ಮುಂದಕ್ಕೆ ಬಾಗಿತು, ನರ್ಸ್ ಏನನ್ನೋ ಅವಳ ಎದೆಗೆ ಇಟ್ಟರು. ನಾನು ಕಾರಿಡಾರಿನ ಬೆಂಚಿನಲ್ಲಿ ಕೂತೆ. ಖುಷಿಯಾಗಿತ್ತು. ಜತೆಗೆ, ಇನ್ನು ಮಧ್ಯಾಹ್ನಗಳಲ್ಲಿ ನಾನು ಏನು ಮಾಡಲಿ ಎಂಬುದೂ ತಿಳಿಯದಾಯಿತು.

ಮೈ ತುಂಬಿಕೊಂಡ ಮೇಲೆ ಮಗಳು ಮನೆಗೆ ಬಂದಳು. ಈಗ ಅಂಗನವಾಡಿಗೆ ಹೋಗುತ್ತಾಳೆ, ನನಗಿಂತ ಜೋರಾಗಿ ಕಿರುಚುತ್ತಾಳೆ. ಹೆಂಡತಿಗೆ ಮಗಳ ನೆನಪು ಶುರುವಾಗುವುದು ಗಾಲಿಕುರ್ಚಿಯ ದಿನದಿಂದ. ಅದಕ್ಕೂ ಹಿಂದೆ ಮಗಳು ಪೆಟ್ಟಿಗೆಯಲ್ಲಿ ಮಲಗಿದ್ದ ದಿನಗಳನ್ನು ಕಂಡವರು ಮನೆಯಲ್ಲಿ ನನ್ನ ಬಿಟ್ಟು ಯಾರೂ ಇಲ್ಲ. ಒಮ್ಮೊಮ್ಮೆ ಹೇಳಲು ಹೊರಡುತ್ತೇನೆ. "ಅದೆಲ್ಲ ಈಗ ಯಾಕ್ ಬಿಡಿ," ಎಂದು ಅವಳು ಮಗಳಿಗೆ ತಲೆ ಬಾಚಲು ಎದ್ದುಹೋಗುತ್ತಾಳೆ.